ನೆಲದಡಿಯ ಮೆಟ್ರೊ ಇಷ್ಟು ದುಬಾರಿ ಏಕೆ? ಸುರಂಗ, ನಿಲ್ದಾಣ, ಕರಾರುಗಳ ಲೆಕ್ಕ

ಹಳಿಗಣಕ:

ನ್ಯೂಯಾರ್ಕ್‌ನ ಸೆಕೆಂಡ್ ಅವೆನ್ಯೂ ಸಬ್‌ವೇ ಮೊದಲ ಹಂತ 2017ರ ಜನವರಿ 1ರಂದು ಓಡಾಟಕ್ಕೆ ತೆರೆಯಿತು. ಉದ್ದ ಮೂರು ಕಿಲೋಮೀಟರಿಗೆ ತುಸು ಕಡಿಮೆ, ಹೊಸ ನಿಲ್ದಾಣ ಮೂರು, ಖರ್ಚು ಹತ್ತಿರಹತ್ತಿರ 450 ಕೋಟಿ ಡಾಲರ್. ಅಲ್ಲಿಗೆ ಕಿ.ಮೀ.ಗೆ 150 ಕೋಟಿ ಡಾಲರ್ ದಾಟಿತು. ಇನ್ನೊಂದು ಕಡೆ ಮ್ಯಾಡ್ರಿಡ್‌ನವರು ಮೆಟ್ರೊಸುರ್ ಎಂಬ 40 ಕಿ.ಮೀ. ವರ್ತುಲ ಮಾರ್ಗವನ್ನು 28 ನಿಲ್ದಾಣಗಳ ಸಮೇತ ಸುಮಾರು ಮೂರೇ ವರ್ಷದಲ್ಲಿ ಕಟ್ಟಿ 2003ರಲ್ಲಿ ತೆರೆದರು. ಅಲ್ಲಿನ ಕಿ.ಮೀ. ಖರ್ಚು ನ್ಯೂಯಾರ್ಕಿನದರ ಹತ್ತನೇ ಒಂದು ಭಾಗವನ್ನೂ ಮುಟ್ಟಲಿಲ್ಲ.

ಎರಡೂ ಕಡೆ ಕೊರೆದದ್ದು ಯಂತ್ರವೇ, ಸುರಿದದ್ದು ಕಾಂಕ್ರೀಟೇ. ಹಾಗಾದರೆ ಈ ಅಂತರ ಎಲ್ಲಿಂದ ಬಂತು? ‘ಭ್ರಷ್ಟಾಚಾರ’, ‘ಕೂಲಿ ಜಾಸ್ತಿ’ ಎಂಬ ಒಂದು ಪದದ ಉತ್ತರ ಬೇಡ. ಎಷ್ಟು ಘನಮೀಟರ್, ಎಷ್ಟು ದಿನ, ಯಾವ ಕರಾರು ಎಂದು ಬಲ್ಲವರು ಬಿಡಿಸಿ ಬರೆಯಿರಿ.

ಸುರಂಗದಾಳ:

ಮೊದಲು ಯಂತ್ರದ ಮೇಲಿನ ಅಪವಾದ ತೆಗೆದುಬಿಡೋಣ. ಒಂಟಿ ಹಳಿಯ ಸುರಂಗಕ್ಕೆ ಬಳಸುವ ಟಿಬಿಎಂ (ಸುರಂಗ ಕೊರೆಯುವ ಯಂತ್ರ) ಮೂತಿಯ ವ್ಯಾಸ ಸಾಮಾನ್ಯವಾಗಿ 6.6 ಮೀಟರ್ ಆಸುಪಾಸು. ಆ ವೃತ್ತದ ವಿಸ್ತೀರ್ಣ 34 ಚದರ ಮೀಟರ್. ಹಾಗಾಗಿ ಪ್ರತಿ ಮೀಟರ್ ಮುಂದೆ ಸರಿದಾಗ 34 ಘನಮೀಟರ್ ಮಣ್ಣು ಹೊರಬರುತ್ತದೆ. ಹೋಗಲೊಂದು, ಬರಲೊಂದು ಎಂದು ಜೋಡಿ ಸುರಂಗ ಹಿಡಿದರೆ ಕಿ.ಮೀ.ಗೆ 68,000 ಘನಮೀಟರ್. ಈ ಅಂಕಿ ನೆನಪಿರಲಿ, ನಿಲ್ದಾಣದ ಮಾತು ಬಂದಾಗ ಬೇಕಾಗುತ್ತದೆ.

ಯಂತ್ರ ಸುಮಾರು ಒಂದೂವರೆ ಮೀಟರ್ ಕೊರೆದು ನಿಲ್ಲುತ್ತದೆ. ತಲಾ ಮೂರು ಟನ್ ತೂಗುವ ಆರು ಬಾಗಿದ ಕಾಂಕ್ರೀಟ್ ತುಂಡುಗಳನ್ನು (ಸೆಗ್ಮೆಂಟ್) ಎತ್ತಿ ಕೂರಿಸಿ, ಬೋಲ್ಟ್ ಬಿಗಿದು ಒಂದು ಉಂಗುರ ಮುಗಿಸುತ್ತಾರೆ. ಉಂಗುರದ ಹೊರಮೈಗೂ ಮಣ್ಣಿಗೂ ನಡುವೆ ಉಳಿದ ಹತ್ತು-ಹದಿನೈದು ಸೆಂ.ಮೀ. ಸಂದಿಗೆ ಗ್ರೌಟ್, ಅಂದರೆ ತೆಳು ಸಿಮೆಂಟ್ ಗಾರೆ, ತುಂಬುತ್ತಾರೆ. ಅದೇ ಉಂಗುರಕ್ಕೆ ಜ್ಯಾಕ್ ಊರಿ ಯಂತ್ರ ಮತ್ತೆ ಮುಂದಕ್ಕೆ ಹೋಗುತ್ತದೆ. ಒಂದೇ ಬಗೆಯ ಮೆತ್ತನೆ ಮಣ್ಣಿದ್ದರೆ ದಿನಕ್ಕೆ 10-15 ಮೀಟರ್ ಸಲೀಸು. ಮಾಡಿದ್ದನ್ನೇ ಮಾಡುವ ಕೆಲಸ ಇದು. ಎರಡನೇ ಕಿಲೋಮೀಟರ್ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಅಗ್ಗ.

ದುಬಾರಿಯಾಗುವುದು ಮಾರ್ಗ ತೀರಾ ಚಿಕ್ಕದಾದಾಗ. ಯಂತ್ರದ ಬೆಲೆ, ಅದನ್ನು ಇಳಿಸಲು ತೋಡುವ ಬಾವಿ, ಕ್ರೇನ್, ಗ್ರೌಟ್ ಘಟಕ, ಸೆಗ್ಮೆಂಟ್ ಎರಕದ ಅಂಗಳ, ಇವು 3 ಕಿ.ಮೀ.ಗೂ ಬೇಕು, 12 ಕಿ.ಮೀ.ಗೂ ಬೇಕು. ಒಂದು ಮಾರ್ಗವನ್ನು ಮೂರು ಮೂರು ಕಿಲೋಮೀಟರಿನ ಹಂತಗಳಾಗಿ ಕತ್ತರಿಸಿ ನಡುವೆ ಹತ್ತು ವರ್ಷ ಬಿಟ್ಟರೆ ಈ ಖರ್ಚೆಲ್ಲ ಪ್ರತಿ ಸಲ ಮೊದಲಿನಿಂದ. ಪಳಗಿದ ತಂಡವೂ ಅಷ್ಟರಲ್ಲಿ ಚದುರಿಹೋಗಿರುತ್ತದೆ.

ಇನ್ನು ಯಂತ್ರ ಕೈಕೊಡುವುದು ಹೆಚ್ಚಾಗಿ ಮಿಶ್ರ ನೆಲದಲ್ಲಿ, ಅಂದರೆ ಮೂತಿಯ ಕೆಳ ಅರ್ಧಕ್ಕೆ ಬಂಡೆ, ಮೇಲರ್ಧಕ್ಕೆ ಮೆದು ಮಣ್ಣು ಸಿಕ್ಕಾಗ. ಬಂಡೆಗೆ ಬಡಿದು ಬಡಿದು ಕಟ್ಟರ್ ಡಿಸ್ಕ್‌ನ (ಮೂತಿಯಲ್ಲಿ ಬಂಡೆ ಒಡೆಯುವ ಉಕ್ಕಿನ ಚಕ್ರ) ಬೇರಿಂಗ್ ಹೋಗುತ್ತದೆ. ತಿರುಗದ ಡಿಸ್ಕ್ ಒಂದೇ ಮಗ್ಗುಲಿಗೆ ಸವೆದು ಚಪ್ಪಟೆಯಾಗುತ್ತದೆ. ಅದನ್ನು ಬದಲಿಸಲು ಮೂತಿಯ ಹಿಂದಿನ ಕೋಣೆಗೆ ಜನ ಹೋಗಬೇಕು, ಎದುರಿನ ಮಣ್ಣು-ನೀರು ನುಗ್ಗದಂತೆ ಅಲ್ಲಿ ಗಾಳಿಯ ಒತ್ತಡ ಏರಿಸಿರಬೇಕು. ಹೊರಬರುವಾಗ ಒತ್ತಡವನ್ನು ನಿಧಾನವಾಗಿ ಇಳಿಸಬೇಕು, ಇಲ್ಲವಾದರೆ ಜೀವಕ್ಕೆ ಅಪಾಯ. ನಾಲ್ಕು ಡಿಸ್ಕ್ ಬದಲಿಸಲು ಒಂದು ವಾರ ಹಿಡಿದರೂ ಆಶ್ಚರ್ಯವಿಲ್ಲ. ಆ ವಾರ ಯಂತ್ರ ಒಂದಿಂಚೂ ಕದಲುವುದಿಲ್ಲ, ಸಂಬಳ ಮತ್ತು ಬಾಡಿಗೆ ಮಾತ್ರ ಓಡುತ್ತಿರುತ್ತವೆ.

ಗೋಡೆಪೆಟ್ಟಿಗೆ:

ಹಣ ಕರಗುವುದು ನಿಲ್ದಾಣದಲ್ಲಿ. 200 ಮೀ. ಉದ್ದ, 22 ಮೀ. ಅಗಲ, 22 ಮೀ. ಆಳದ ಒಂದು ಸಾಧಾರಣ ನಿಲ್ದಾಣದ ಪೆಟ್ಟಿಗೆ, ಅಂದರೆ ನಿಲ್ದಾಣ ಕೂರಿಸಲು ಅಗೆಯುವ ಜಾಗ, ತೆಗೆದುಕೊಳ್ಳಿ. ಗುಣಿಸಿದರೆ 96,800 ಘನಮೀಟರ್. ಮೇಲೆ ಸುರಂಗದಾಳ ಕೊಟ್ಟ 68,000ದ ಪಕ್ಕದಲ್ಲಿ ಇಟ್ಟು ನೋಡಿ: ಒಂದೇ ಒಂದು ನಿಲ್ದಾಣಕ್ಕೆ ಅಗೆಯುವ ಮಣ್ಣು ಒಂದು ಕಿಲೋಮೀಟರ್ ಜೋಡಿ ಸುರಂಗದ ಮಣ್ಣಿಗಿಂತ ಹೆಚ್ಚು. ಅಗೆದ ಮಣ್ಣು ಸಡಿಲಗೊಂಡು ಸುಮಾರು ಒಂದೂವರೆ ಪಟ್ಟು ಉಬ್ಬುತ್ತದೆ. 12 ಘನಮೀಟರಿನ ಟಿಪ್ಪರ್ ಹಿಡಿದರೆ ಹನ್ನೆರಡು ಸಾವಿರ ಸುತ್ತು, ಅದೂ ಊರಿನ ನಟ್ಟನಡುವಿನಿಂದ. ಹಗಲು ಲಾರಿಗೆ ಅನುಮತಿ ಇಲ್ಲದ ಕಡೆ ಇದೆಲ್ಲ ರಾತ್ರಿಯ ಆರು ತಾಸಿನಲ್ಲೇ ನಡೆಯಬೇಕು.

ಅಗೆಯುವ ಮೊದಲು ಸುತ್ತ ಡಯಾಫ್ರಂ ಗೋಡೆ, ಅಂದರೆ ಮಣ್ಣು-ನೀರು ತಡೆಯುವ ನೆಲದೊಳಗಿನ ಕಾಂಕ್ರೀಟ್ ಗೋಡೆ, ಏಳಬೇಕು. ಸುತ್ತಳತೆ 444 ಮೀಟರ್. ಆರು ಮೀಟರಿನ ಫಲಕಗಳಾಗಿ ಹಂಚಿದರೆ 74 ಫಲಕ. ಒಂದು ಮೀಟರ್ ದಪ್ಪ, 35 ಮೀಟರ್ ಆಳ ಎಂದರೆ ಗೋಡೆಗೇ 15,000 ಘನಮೀಟರಿಗೂ ಹೆಚ್ಚು ಕಾಂಕ್ರೀಟ್. ಒಂದೊಂದು ಫಲಕಕ್ಕೂ ಕಂದಕ ತೋಡುತ್ತಾ, ಅದು ಕುಸಿಯದಂತೆ ಬೆಂಟೊನೈಟ್ ಎಂಬ ಜೇಡಿಯ ಕೆಸರು ತುಂಬುತ್ತಾ ಹೋಗಬೇಕು. ತಳಕ್ಕೆ ತಲುಪಿದ ಮೇಲೆ ಕೆಸರಿನಲ್ಲಿ ಬೆರೆತ ಮರಳನ್ನು ಸೋಸಬೇಕು, ಕಬ್ಬಿಣದ ಪಂಜರ ಇಳಿಸಬೇಕು, ಟ್ರೆಮಿ ಕೊಳವೆಯಿಂದ ಬುಡದಿಂದ ಮೇಲಕ್ಕೆ ಕಾಂಕ್ರೀಟ್ ತುಂಬಬೇಕು.

ಎಡವಟ್ಟಾಗುವುದು ಇಲ್ಲೇ. ಟ್ರೆಮಿಯ ತುದಿ ಸದಾ ಎರಡು ಮೂರು ಮೀಟರ್ ಹಸಿ ಕಾಂಕ್ರೀಟಿನೊಳಗೆ ಮುಳುಗಿರಬೇಕು. ಅವಸರದಲ್ಲಿ ಒಂದು ಸಲ ಮೇಲೆಳೆದರೆ ಕೆಸರಿನ ಪದರ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣದು. ಆರು ತಿಂಗಳ ನಂತರ ಹದಿನೈದು ಮೀಟರ್ ಆಳಕ್ಕೆ ಅಗೆದಾಗ ಆ ಜಾಗದಿಂದ ನೀರು, ನೀರಿನ ಜೊತೆ ಮರಳು. ಮರಳು ಒಳಗೆ ಬಂದಷ್ಟೂ ಹೊರಗಿನ ಮನೆಗಳ ಅಡಿ ಟೊಳ್ಳು. ಆಮ್‌ಸ್ಟರ್‌ಡ್ಯಾಮ್‌ನ ಉತ್ತರ-ದಕ್ಷಿಣ ಮಾರ್ಗದಲ್ಲಿ 2008ರಲ್ಲಿ ಫೈಜಲ್‌ಗ್ರಾಖ್ಟ್ ನಿಲ್ದಾಣದ ಪಕ್ಕದ ಹಳೇ ಮನೆಗಳು ಕೆಳಕ್ಕೆ ಇಳಿದದ್ದು ಗೋಡೆಯ ಸೋರಿಕೆಯಿಂದಲೇ. 146 ಕೋಟಿ ಯೂರೋ ಅಂದಾಜಿನ ಆ 9.7 ಕಿ.ಮೀ. ಮಾರ್ಗ 2018ರಲ್ಲಿ ತೆರೆಯುವಾಗ 310 ಕೋಟಿ ಯೂರೋ ಆಗಿತ್ತು.

ನೆಲದ ನೀರು ಇನ್ನೊಂದು ಬಗೆಯಲ್ಲೂ ಕಾಡುತ್ತದೆ. ಅಂತರ್ಜಲ ಎರಡು ಮೀಟರ್ ಕೆಳಗಿದ್ದರೆ 22 ಮೀಟರ್ ಆಳದ ತಳಕ್ಕೆ 20 ಮೀಟರ್ ನೀರಿನ ಒತ್ತಡ: ಚದರ ಮೀಟರಿಗೆ 20 ಟನ್, ಇಡೀ ತಳಕ್ಕೆ 88,000 ಟನ್ ಮೇಲ್ಮುಖ ಒತ್ತು. ಖಾಲಿ ಕೊಡವನ್ನು ನೀರಿಗೆ ಒತ್ತಿದರೆ ಪುಟಿದು ಬರುವ ಹಾಗೆ ನಿಲ್ದಾಣವೂ ತೇಲಲು ನೋಡುತ್ತದೆ. ಅದನ್ನು ಹಿಡಿದಿಡಲೆಂದೇ ತಳದ ಸ್ಲ್ಯಾಬ್ ಅಷ್ಟು ದಪ್ಪ, ಎಷ್ಟೋ ಕಡೆ ಎಳೆತಕ್ಕೆ ನಿಲ್ಲುವ ಪೈಲ್‌ಗಳು (ನೆಲದಾಳಕ್ಕೆ ಇಳಿಸಿದ ಕಂಬಗಳು) ಬೇರೆ. ನಿಲ್ದಾಣ ಒಂದು ಮೀಟರ್ ಆಳ ಹೋದರೆ 4,400 ಘನಮೀಟರ್ ಮಣ್ಣು ಹೆಚ್ಚಾಯಿತು ಅನ್ನುವುದು ಅರ್ಧ ಸತ್ಯ ಮಾತ್ರ. ಗೋಡೆ, ತಳ, ಅಡ್ಡ ಆಧಾರ, ಎಸ್ಕಲೇಟರ್ ಉದ್ದ, ಪಂಪು ಎಲ್ಲವೂ ಜೊತೆಗೆ ಬೆಳೆಯುತ್ತವೆ.

ಹಳಿಗಣಕ:

ಹಾಗಾದರೆ ನಿಲ್ದಾಣವನ್ನು ಚಿಕ್ಕದಾಗಿ, ಕಡಿಮೆ ಆಳದಲ್ಲಿ ಕಟ್ಟಲು ಅಡ್ಡಿ ಏನು? ರೈಲಿನ ಉದ್ದದಷ್ಟು ಪ್ಲಾಟ್‌ಫಾರ್ಮ್ ಬೇಕೇ ಬೇಕು ಅಂತಿಟ್ಟುಕೊಂಡರೂ.

ನಕ್ಷೆಗೆರೆ:

ಪ್ಲಾಟ್‌ಫಾರ್ಮಿಗಿಂತ ಪೆಟ್ಟಿಗೆ ಎಷ್ಟು ಉದ್ದ ಅನ್ನುವುದೇ ನಾನು ಮೊದಲು ನೋಡುವ ಅಂಕಿ. ಸೆಕೆಂಡ್ ಅವೆನ್ಯೂದಲ್ಲಿ ಪ್ಲಾಟ್‌ಫಾರ್ಮ್ ಸುಮಾರು 187 ಮೀಟರ್. 96ನೇ ಬೀದಿ ನಿಲ್ದಾಣಕ್ಕೆ ಅಗೆದ ಉದ್ದ ಅದರ ಎರಡು ಪಟ್ಟಿಗೂ ಹೆಚ್ಚು. ಮಿಕ್ಕ ಜಾಗದಲ್ಲಿ ಪ್ರಯಾಣಿಕ ಕಾಲಿಡುವುದೇ ಇಲ್ಲ: ಫ್ಯಾನ್ ಕೋಣೆ, ಟ್ರಾನ್ಸ್‌ಫಾರ್ಮರ್, ಸಿಗ್ನಲ್ ಕೋಣೆ, ಸಿಬ್ಬಂದಿ ಕೋಣೆಗಳು. ನಿರ್ವಹಣೆಯ ಪ್ರತಿ ವಿಭಾಗವೂ ತನಗೇ ಬೇರೆ ಕೋಣೆ, ಬೇರೆ ಬೀಗ ಕೇಳುತ್ತದೆ. ಬೇಡ ಎನ್ನುವ ಅಧಿಕಾರ ಯಾರಿಗೂ ಇಲ್ಲದಿದ್ದರೆ ಎಲ್ಲ ಕೋಣೆಯೂ ನಕ್ಷೆಗೆ ಬರುತ್ತದೆ. ನೆಲದ ಮೇಲೆ ಒಂದು ಕೋಣೆ ಹೆಚ್ಚಾದರೆ ಸಣ್ಣ ಮಾತು. 25 ಮೀಟರ್ ಕೆಳಗೆ, ಬಂಡೆ ಕೊರೆದು ಮಾಡಿದ ಗುಹೆಯಲ್ಲಿ ಅದೇ ಕೋಣೆ ಬಹಳ ದೊಡ್ಡ ಮಾತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಟ್ರಾನ್ಸಿಟ್ ಕಾಸ್ಟ್ಸ್ ಪ್ರಾಜೆಕ್ಟ್ ತಂಡ 2023ರ ವರದಿಯಲ್ಲಿ ಬೆರಳಿಟ್ಟು ತೋರಿಸಿದ ಸಂಗತಿಗಳಲ್ಲಿ ಇದೂ ಒಂದು.

ಎಲ್ಲ ಜಾಗವೂ ದುಂದಲ್ಲ. ಅನೇಕ ದೇಶಗಳು ಅನುಸರಿಸುವ ಎನ್‌ಎಫ್‌ಪಿಎ 130 ಅಗ್ನಿ ಸುರಕ್ಷಾ ಮಾನದಂಡದ ಪ್ರಕಾರ ಪ್ಲಾಟ್‌ಫಾರ್ಮ್ 4 ನಿಮಿಷದಲ್ಲಿ ಖಾಲಿಯಾಗಬೇಕು, 6 ನಿಮಿಷದಲ್ಲಿ ಜನ ಸುರಕ್ಷಿತ ಜಾಗ ಮುಟ್ಟಬೇಕು. ಮೆಟ್ಟಿಲಿನ ಅಗಲ, ಎಸ್ಕಲೇಟರ್ ಸಂಖ್ಯೆ, ನಿರ್ಗಮನಗಳ ಜಾಗ ಇಲ್ಲಿಂದಲೇ ಹೊರಡುತ್ತವೆ. ನಿಲ್ದಾಣ ಆಳವಾದಷ್ಟೂ ಈ ಆರು ನಿಮಿಷ ಬಿಗಿಯಾಗುತ್ತದೆ. ಇದರಲ್ಲಿ ಚೌಕಾಸಿ ಮಾಡಬಾರದು.

ಚೌಕಾಸಿಗೆ ಜಾಗವಿರುವುದು ರೈಲಿನ ಉದ್ದದಲ್ಲಿ. 200 ಮೀಟರಿನ ರೈಲು ಮೂರು ನಿಮಿಷಕ್ಕೊಂದು ಬರುವುದೂ 100 ಮೀಟರಿನ ರೈಲು 90 ಸೆಕೆಂಡಿಗೊಂದು ಬರುವುದೂ ಗಂಟೆಗೆ ಹೊರುವ ಜನರ ಲೆಕ್ಕದಲ್ಲಿ ಒಂದೇ. ಎರಡನೆಯದಕ್ಕೆ ಒಳ್ಳೆಯ ಸ್ವಯಂಚಾಲಿತ ಸಿಗ್ನಲಿಂಗ್ ಬೇಕು, ನಿಲ್ದಾಣ ಮಾತ್ರ ಅರ್ಧ. ಕೋಪನ್‌ಹೇಗನ್ ಮಾಡಿದ್ದು ಇದನ್ನೇ. ಅಲ್ಲಿನ ಚಾಲಕರಹಿತ ರೈಲು ಮೂರು ಬೋಗಿ, 39 ಮೀಟರ್. 2019ರಲ್ಲಿ ತೆರೆದ 15.5 ಕಿ.ಮೀ. ವರ್ತುಲದಲ್ಲಿ 17 ನಿಲ್ದಾಣ ಹಿಡಿಸಿದ್ದಾರೆ.

ಸುರಂಗದಾಳ:

ಒಪ್ಪುತ್ತೇನೆ, ಆದರೆ ಎಚ್ಚರಿಕೆಯ ಮಾತೊಂದಿದೆ. ಪ್ಲಾಟ್‌ಫಾರ್ಮನ್ನು ಮುಂದೆ ಉದ್ದ ಮಾಡುವುದು ಓಡುತ್ತಿರುವ ಮಾರ್ಗದಲ್ಲಿ ಬಹುತೇಕ ಅಸಾಧ್ಯ. 2009ರಲ್ಲಿ ತೆರೆದ ವ್ಯಾಂಕೂವರ್‌ನ ಕೆನಡಾ ಲೈನ್‌ನಲ್ಲಿ ಪ್ಲಾಟ್‌ಫಾರ್ಮ್‌ಗಳು 40-50 ಮೀಟರ್ ಅಷ್ಟೇ. ಜನ ಹೆಚ್ಚಾದ ಮೇಲೆ ಅಲ್ಲಿ ಉಳಿದಿರುವ ಮುಖ್ಯ ದಾರಿ ರೈಲಿನ ಸಂಖ್ಯೆ ಏರಿಸುವುದು. ಹಾಗೆಯೇ ‘ಒಂದೇ ದೊಡ್ಡ ಸುರಂಗ ಕೊರೆದು ಪ್ಲಾಟ್‌ಫಾರ್ಮನ್ನೂ ಅದರೊಳಗೇ ಇಡೋಣ’ ಎಂಬ ಸಲಹೆ ಆಗಾಗ ಬರುತ್ತದೆ. ಬಾರ್ಸಿಲೋನಾದ 9ನೇ ಮಾರ್ಗದಲ್ಲಿ ಸುಮಾರು 12 ಮೀಟರ್ ವ್ಯಾಸದ ಸುರಂಗದಲ್ಲಿ ಹಳಿಗಳನ್ನು ಒಂದರ ಮೇಲೊಂದು ಇಟ್ಟರು. ದೊಡ್ಡ ವ್ಯಾಸಕ್ಕೆ ತಲೆಯ ಮೇಲೆ ಹೆಚ್ಚು ಮಣ್ಣು ಬೇಕು, ಹಾಗಾಗಿ ಆಳಕ್ಕೆ ಹೋಗಬೇಕು. ಆಳಕ್ಕೆ ಹೋದರೆ ಪ್ರವೇಶ ಬಾವಿ, ಲಿಫ್ಟ್ ಎಲ್ಲ ಭಾರಿಯಾಗುತ್ತವೆ. 2002ರ ಹೊತ್ತಿಗೆ ಶುರುವಾದ ಆ ಮಾರ್ಗದ ನಡುಭಾಗ ಇಪ್ಪತ್ತು ವರ್ಷ ಕಳೆದರೂ ತೆರೆದಿರಲಿಲ್ಲ.

ನೆಲಬಲ್ಲ:

ಆಳದ ವಿಷಯಕ್ಕೆ ಬರುತ್ತೇನೆ. ನಿಲ್ದಾಣ ಕೆಳಗಿಳಿಯಲು ಒಂದು ಕಾರಣ ಮೇಲಿನ ಕಟ್ಟಡ ಬಿರುಕು ಬಿಟ್ಟೀತೆಂಬ ಭಯ. ಆ ಭಯಕ್ಕೆ ಲೆಕ್ಕ ಇದೆ. ಒಳ್ಳೆಯ ಟಿಬಿಎಂ ಕೆಲಸದಲ್ಲಿ ಅಗೆಯಬೇಕಾದ್ದಕ್ಕಿಂತ ಶೇ. 0.5ರಿಂದ 1ರಷ್ಟು ಮಣ್ಣು ಹೆಚ್ಚು ಬರುತ್ತದೆ. ಶೇ. 1 ಹಿಡಿಯಿರಿ: ಮೀಟರಿಗೆ 0.34 ಘನಮೀಟರ್. ಸುರಂಗದ ನಡುಗೆರೆ 15 ಮೀ. ಆಳದಲ್ಲಿ, ನೆಲ ಜೇಡಿ. ಆಗ ರಸ್ತೆಯ ಮೇಲೆ ಕಾಣುವ ಗರಿಷ್ಠ ತಗ್ಗು ಸುಮಾರು 18 ಮಿ.ಮೀ., ಅದೂ ಎರಡೂ ಕಡೆಗೆ ಇಪ್ಪತ್ತು ಮೀಟರಿನವರೆಗೆ ಹರಡಿ ಕರಗುತ್ತದೆ. ಶೇ. 0.5ಕ್ಕೆ ಇಳಿಸಿದರೆ 9 ಮಿ.ಮೀ., ಎಚ್ಚರ ತಪ್ಪಿ ಶೇ. 2ಕ್ಕೆ ಹೋದರೆ 36. ಗಟ್ಟಿ ಕಟ್ಟಡ 9 ಮಿ.ಮೀ.ಯನ್ನು ಗಮನಿಸುವುದೂ ಇಲ್ಲ. ಅಂದರೆ ಎದುರಿನ ಒತ್ತಡವನ್ನೂ ಗ್ರೌಟನ್ನೂ ಗಂಟೆ ಗಂಟೆಗೆ ನೋಡಿಕೊಂಡರೆ ಮಾರ್ಗವನ್ನು ಇನ್ನೂ ಹತ್ತು ಮೀಟರ್ ಕೆಳಕ್ಕೆ ತಳ್ಳಬೇಕಾದ ಅಗತ್ಯ ಹಲವು ಕಡೆ ಇರುವುದಿಲ್ಲ.

ಇದಕ್ಕೆಲ್ಲ ಮೊದಲು ನೆಲ ಎಂಥದೆಂದು ಗೊತ್ತಿರಬೇಕು. 50 ಮೀಟರಿಗೊಂದು ಕೊಳವೆ ರಂಧ್ರ ಕೊರೆದು ಮಾದರಿ ತೆಗೆಯುವ ಖರ್ಚು ಯೋಜನೆಯ ಒಟ್ಟು ಮೊತ್ತದಲ್ಲಿ ಎಣಿಕೆಗೆ ಸಿಗದಷ್ಟು ಸಣ್ಣದು. ಅದನ್ನು ಉಳಿಸಲು 200 ಮೀಟರಿಗೊಂದು ಮಾಡಿದರೆ ನಡುವಿನ ಹಳೇ ಹಳ್ಳದ ಪಾತ್ರ, ದೊಡ್ಡ ಗುಂಡು, ಬಂಡೆಯ ಏರಿಳಿತ ಕೊರೆಯುವಾಗಲೇ ಗೊತ್ತಾಗುತ್ತವೆ. ತೆಗೆದ ರಂಧ್ರವನ್ನು ಸರಿಯಾಗಿ ಮುಚ್ಚಿ, ಒಳಗಿನ ಕಬ್ಬಿಣ ಎತ್ತುವುದೂ ಅಷ್ಟೇ ಮುಖ್ಯ. ಸಿಯಾಟಲ್‌ನಲ್ಲಿ ರಸ್ತೆ ಸುರಂಗ ಕೊರೆಯುತ್ತಿದ್ದ 17.5 ಮೀಟರಿನ ಯಂತ್ರ 2013ರ ಡಿಸೆಂಬರಿನಲ್ಲಿ ನಿಂತಿತು. ಅದಕ್ಕೆ ಸ್ವಲ್ಪ ಮುಂಚೆ ಅದು ಹಳೆಯ ಪರೀಕ್ಷಾ ಬಾವಿಯೊಂದರ ಉಕ್ಕಿನ ಕೊಳವೆಗೆ ತಾಗಿತ್ತು. ಕಾರಣ ಯಾವುದೆಂದು ಕೋರ್ಟಿನವರೆಗೂ ವಾದ ನಡೆಯಿತು. ಯಂತ್ರ ಮತ್ತೆ ಕೊರೆಯಲು ಶುರುಮಾಡಿದ್ದು ಎರಡು ವರ್ಷದ ನಂತರ.

ಪುರಾತತ್ವದ ಬಗ್ಗೆ ಚಿಕ್ಕದಾಗಿ: ಇಸ್ತಾಂಬುಲ್‌ನ ಯೆನಿಕಾಪಿಯಲ್ಲಿ 37 ಹಳೇ ಹಡಗುಗಳ ಅವಶೇಷ ಸಿಕ್ಕಿತು. ಗ್ರೀಸಿನ ಥೆಸಲೊನೀಕಿಯ 9.6 ಕಿ.ಮೀ. ಮೆಟ್ರೊ ಮಾರ್ಗ 2006ರಲ್ಲಿ ಶುರುವಾಗಿ 2024ರ ನವೆಂಬರಿನಲ್ಲಿ ತೆರೆಯಿತು. ಹಳೇ ನಗರಗಳಲ್ಲಿ ಇದು ಅನಿರೀಕ್ಷಿತ ಅಲ್ಲವೇ ಅಲ್ಲ. ವೇಳಾಪಟ್ಟಿಯಲ್ಲಿ ಮೊದಲೇ ಬರೆದಿಟ್ಟರೆ ಖರ್ಚು ಕಡಿಮೆ.

ನಕ್ಷೆಗೆರೆ:

ಆಳ ಹೋಗಲು ಇನ್ನೊಂದು ಕಾರಣ ರಸ್ತೆ ಅಗೆಯಲು ಯಾರೂ ಒಪ್ಪದಿರುವುದು. ನ್ಯೂಯಾರ್ಕಿನ ಮೊದಲ ಮಾರ್ಗವನ್ನು 1900ರಿಂದ 1904ರೊಳಗೆ ಬಹುಪಾಲು ರಸ್ತೆ ಅಗೆದು, ಪೆಟ್ಟಿಗೆ ಕಟ್ಟಿ, ಮುಚ್ಚಿಯೇ ಮಾಡಿದ್ದು. ಸೆಕೆಂಡ್ ಅವೆನ್ಯೂದಲ್ಲಿ 72 ಮತ್ತು 86ನೇ ಬೀದಿಯ ನಿಲ್ದಾಣಗಳನ್ನು ಕೆಳಗಿನ ಬಂಡೆ ಸಿಡಿಸಿ ಗುಹೆಯಾಗಿ ತೆಗೆದರು. ರಸ್ತೆ ಅಷ್ಟಾಗಿ ಮುಚ್ಚಬೇಕಾಗಲಿಲ್ಲ ನಿಜ, ಆದರೆ ಎಲ್ಲ ಮಣ್ಣು, ಎಲ್ಲ ಯಂತ್ರ ಒಂದೆರಡು ಕಿರಿದಾದ ಬಾವಿಗಳ ಮೂಲಕವೇ ಹೋಗಿಬರಬೇಕಾಯಿತು.

ಮಧ್ಯದ ದಾರಿ ಇದೆ. ಮೇಲಿನಿಂದ ಕೆಳಕ್ಕೆ ಕಟ್ಟುವುದು: ಅರ್ಧ ರಸ್ತೆ ಮುಚ್ಚಿ ಗೋಡೆ ಮತ್ತು ಚಾವಣಿ ಹಾಕುವುದು, ವಾಹನಗಳನ್ನು ಅದರ ಮೇಲೆ ತಿರುಗಿಸಿ ಮಿಕ್ಕ ಅರ್ಧ ಮುಗಿಸುವುದು, ನಂತರ ಚಾವಣಿಯ ಕೆಳಗೆ ಅಗೆಯುತ್ತಾ ಹೋಗುವುದು. ಜನರಿಗೆ ಕಷ್ಟ ಹೆಚ್ಚೆಂದರೆ ಒಂದೂವರೆ-ಎರಡು ವರ್ಷ. ಅಷ್ಟು ದಿನ ವ್ಯಾಪಾರ ಕಳೆದುಕೊಳ್ಳುವ ಅಂಗಡಿಯವರಿಗೆ ಪರಿಹಾರವನ್ನು ಮೊದಲೇ, ಕೈಯಲ್ಲೇ ಕೊಟ್ಟುಬಿಡಬೇಕು. ಕೆನಡಾ ಲೈನ್‌ನಲ್ಲಿ ಕೇಂಬಿ ಬೀದಿಯ ವರ್ತಕರು ಕೋರ್ಟಿಗೆ ಹೋಗಬೇಕಾಯಿತು. ಪರಿಹಾರದ ಹಣ ಗುಹೆ ಕೊರೆಯುವ ಹಣದ ಮುಂದೆ ತೀರಾ ಚಿಕ್ಕದು, ನ್ಯಾಯವೂ ಹೌದು.

ಕೊಳವೆಲೆಕ್ಕ:

ರಸ್ತೆ ಅಗೆಯುವ ಮಾತಾಡುವಾಗ ಒಳಚರಂಡಿ ಮರೆಯಬೇಡಿ. ವಿದ್ಯುತ್ ಕೇಬಲನ್ನು ಎಡಕ್ಕೆ ಬಲಕ್ಕೆ ತಿರುಗಿಸಬಹುದು. ಚರಂಡಿ ಹರಿಯುವುದು ಇಳಿಜಾರಿನಿಂದ. ನಿಲ್ದಾಣದ ಸುತ್ತ 300 ಮೀಟರ್ ಬಳಸು ಹಾಕಿದರೆ 200ಕ್ಕೆ 1ರ ಇಳಿಜಾರಿಗೆ ಒಂದೂವರೆ ಮೀಟರ್ ಎತ್ತರ ಬೇಕು. ಮುಂದಿನ ಮ್ಯಾನ್‌ಹೋಲ್‌ನಲ್ಲಿ ಅಷ್ಟು ಎತ್ತರ ಉಳಿದಿರುವುದಿಲ್ಲ. ಆಗ ಕೆಳಭಾಗದ ಚರಂಡಿಯನ್ನೂ ಆಳ ಮಾಡಬೇಕು ಅಥವಾ ಸದಾ ಓಡುವ ಪಂಪು ಇಡಬೇಕು.

ಹಳೇ ನಕ್ಷೆಯಲ್ಲಿ ಕೊಳವೆ ಒಂದು ಕಡೆ, ನೆಲದಲ್ಲಿ ಇನ್ನೊಂದು ಕಡೆ. ಹಾಗಾಗಿ ಟೆಂಡರಿಗೆ ಮುಂಚೆಯೇ ಕೈಯಿಂದ ಪರೀಕ್ಷಾ ಗುಂಡಿ ತೋಡಿ ನೋಡಬೇಕು. ಇದರ ಜೊತೆ ಒಪ್ಪಂದದ ತಾಪತ್ರಯ. ಕೊಳವೆಯ ಒಡೆಯ ಸಂಸ್ಥೆ ‘ಸ್ಥಳಾಂತರಿಸುವುದಾದರೆ 300 ಮಿ.ಮೀ. ಹಳೇ ಕೊಳವೆಯ ಬದಲು 600ರ ಹೊಸದು ಹಾಕಿಕೊಡಿ’ ಎನ್ನುತ್ತದೆ. ಗುತ್ತಿಗೆದಾರ ಸ್ಥಳಕ್ಕೆ ಬಂದ ಮೇಲೆ ಈ ಬೇಡಿಕೆ ಎದ್ದರೆ ಮೆಟ್ರೊದವರಿಗೆ ಒಪ್ಪದೆ ಗತ್ಯಂತರವಿಲ್ಲ, ಏಕೆಂದರೆ ನಿಂತ ಪ್ರತಿ ದಿನಕ್ಕೂ ದಂಡ ತೆರುವವರು ಅವರೇ.

ಟೆಂಡರುಕಡತ:

ಕೊಳವೆಲೆಕ್ಕ ಹೇಳಿದ್ದರಲ್ಲಿ ಇಡೀ ರೋಗ ಇದೆ. ನಕ್ಷೆ ಮುಗಿಯದೆ ಟೆಂಡರ್ ಕರೆದರೆ ಗೊತ್ತಿಲ್ಲದ್ದಕ್ಕೆಲ್ಲ ಗುತ್ತಿಗೆದಾರ ಬೆಲೆ ಕಟ್ಟುತ್ತಾನೆ. ‘ನೆಲ ಹೇಗಿದ್ದರೂ ಜವಾಬ್ದಾರಿ ನಿನ್ನದೇ, ಒಟ್ಟು ಮೊತ್ತ ಹೇಳು’ ಎಂದರೆ ಅತಿ ಕೆಟ್ಟ ನೆಲಕ್ಕೆ ಆಗುವ ಬೆಲೆಯನ್ನೇ ಹೇಳುತ್ತಾನೆ. ಒಳ್ಳೆಯ ನೆಲ ಸಿಕ್ಕರೆ ಲಾಭ ಅವನಿಗೆ. ಬದಲಿಗೆ, ನೆಲ ಹೀಗಿದೆ ಎಂಬ ಮೂಲ ವರದಿಯನ್ನು ಕರಾರಿನ ಭಾಗ ಮಾಡಿ, ಘನಮೀಟರ್ ಬಂಡೆಗೆ ಇಷ್ಟು, ಟನ್ ಕಬ್ಬಿಣಕ್ಕೆ ಇಷ್ಟು ಎಂದು ಬಿಡಿ ದರ ಮೊದಲೇ ಗೊತ್ತುಮಾಡಿದರೆ ಬದಲಾವಣೆ ಬಂದಾಗ ಜಗಳವಿಲ್ಲ, ಗುಣಾಕಾರ ಮಾತ್ರ. ಇಟಲಿಯಲ್ಲಿ 1990ರ ದಶಕದ ಲಂಚ ಹಗರಣಗಳ ನಂತರ ಬಂದ ಬಿಗಿ ನಿಯಮಗಳು, ಬಹಿರಂಗ ದರಪಟ್ಟಿಗಳು ಈ ದಿಕ್ಕಿನವೇ. ಅದಾದ ಮೇಲೆ ಅಲ್ಲಿನ ಮೆಟ್ರೊ ಖರ್ಚು ಇಳಿಯಿತು.

ಮ್ಯಾಡ್ರಿಡ್ ಬಗ್ಗೆ ಎಲ್ಲರೂ ಹೇಳುವುದು ಅಗ್ಗದ ಕೂಲಿ. ಅದಕ್ಕಿಂತ ದೊಡ್ಡದು ನಿರ್ಧಾರದ ವೇಗ. ಮ್ಯಾನುಯೆಲ್ ಮೆಲಿಸ್ ಮೈನಾರ್ ಮುಂದಾಳತ್ವದಲ್ಲಿ ಅನುಭವಿ ಎಂಜಿನಿಯರುಗಳ ಪುಟ್ಟ ತಂಡ ಸರ್ಕಾರದೊಳಗೇ ಇತ್ತು. ಸ್ಥಳದಲ್ಲಿ ಎದ್ದ ಪ್ರಶ್ನೆಗೆ ಬೇಗ ಉತ್ತರ ಸಿಗುತ್ತಿತ್ತು. ಟೆಂಡರಿನಲ್ಲಿ ಕನಿಷ್ಠ ಬೆಲೆಯೊಂದೇ ಅಳತೆಯಾಗಿರಲಿಲ್ಲ, ತಾಂತ್ರಿಕ ಗುಣಕ್ಕೆ ಹೆಚ್ಚು ತೂಕವಿತ್ತು. ನಿಲ್ದಾಣದ ವಿನ್ಯಾಸ ಸರಳ, ಒಂದನ್ನು ಹೋಲುವ ಇನ್ನೊಂದು. ತದ್ವಿರುದ್ಧ ಪದ್ಧತಿಯಲ್ಲಿ ಸಲಹೆಗಾರರ ಮೇಲೆ ಸಲಹೆಗಾರರು. ಅವರ ಕೆಲಸ ಪರಿಶೀಲಿಸಲು ಸಂಸ್ಥೆಯೊಳಗೆ ಬಲ್ಲವರೇ ಇಲ್ಲದೆ ಅದಕ್ಕೂ ಒಬ್ಬ ಸಲಹೆಗಾರ.

ಬಾಸ್ಟನ್‌ನ ಗ್ರೀನ್ ಲೈನ್ ವಿಸ್ತರಣೆ ನೆಲದ ಮೇಲಿನದು, ಆದರೂ ಪಾಠ ಇಲ್ಲಿಗೆ ಸಲ್ಲುತ್ತದೆ. ಸುಮಾರು 200 ಕೋಟಿ ಡಾಲರಿನ ಅಂದಾಜು 300 ಕೋಟಿಯತ್ತ ಹೋದಾಗ 2015ರಲ್ಲಿ ಕರಾರು ರದ್ದುಮಾಡಿ, ಭಾರಿ ನಿಲ್ದಾಣ ಕಟ್ಟಡಗಳನ್ನು ಬಯಲು ನಿಲ್ದಾಣಗಳಾಗಿ ಬದಲಿಸಿ, ಹೊಸ ತಂಡ ಕಟ್ಟಿ ಮತ್ತೆ ಟೆಂಡರ್ ಕರೆದರು. 2022ರಲ್ಲಿ ರೈಲು ಓಡಿತು. ಹಳಿ ಅದೇ, ಊರು ಅದೇ, ಕೂಲಿ ಅದೇ.

ಹಳಿಗಣಕ:

ಕೂಲಿಗೆ ಪಾತ್ರವೇ ಇಲ್ಲ ಎನ್ನುತ್ತೀರಾ?

ಟೆಂಡರುಕಡತ:

ಇದೆ. ಆದರೆ ದರಕ್ಕಿಂತ ಮಂದಿಯ ಸಂಖ್ಯೆ ಮುಖ್ಯ. ಸ್ಟಾಕ್‌ಹೋಮ್, ಕೋಪನ್‌ಹೇಗನ್‌ಗಳಲ್ಲಿ ಕೂಲಿ ಕಡಿಮೆಯೇನಲ್ಲ, ಒಕ್ಕೂಟಗಳೂ ಬಲವಾಗಿವೆ. ಆದರೂ ಖರ್ಚು ನ್ಯೂಯಾರ್ಕಿನ ಹತ್ತಿರಕ್ಕೂ ಹೋಗಿಲ್ಲ. ಹತ್ತು-ಹನ್ನೆರಡು ಜನ ಮಾಡುವ ಯಂತ್ರದ ಕೆಲಸಕ್ಕೆ ಹಳೇ ಒಪ್ಪಂದದ ಪ್ರಕಾರ ಇಪ್ಪತ್ತೈದು ಜನ ಇರಲೇಬೇಕೆಂದರೆ ಆ ಭಾರ ಪ್ರತಿ ಪಾಳಿಗೂ ಬೀಳುತ್ತದೆ. ಕೆಲಸಗಾರರ ಸಂಬಳಕ್ಕೆ ಕೈಹಾಕದೆಯೇ ಇದನ್ನು ಮಾತಾಡಿ ಸರಿಪಡಿಸಬಹುದು, ಮಾರ್ಗದ ಹಿಂದೆ ಮಾರ್ಗ ಕಟ್ಟುತ್ತಾ ಕೆಲಸ ಖಾಯಂ ಇರುವಂತೆ ನೋಡಿಕೊಂಡರೆ.

ಸಿಗ್ನಲ್‌ಮನೆ:

ಮಣ್ಣು-ಕಾಂಕ್ರೀಟ್ ಮುಗಿದ ಮೇಲಿನ ಕಥೆ ಯಾರೂ ಬರೆದಿಲ್ಲ. ಲಂಡನ್‌ನ ಕ್ರಾಸ್‌ರೇಲ್ ಎಂಬ ರೈಲು ಮಾರ್ಗದಲ್ಲಿ ಎಂಟು ಯಂತ್ರಗಳು 42 ಕಿ.ಮೀ. ಸುರಂಗವನ್ನು 2015ರಲ್ಲೇ ಮುಗಿಸಿದ್ದವು. ತೆರೆಯಬೇಕಿದ್ದದ್ದು 2018ರ ಡಿಸೆಂಬರ್, ತೆರೆದದ್ದು 2022ರ ಮೇ 24. 1,480 ಕೋಟಿ ಪೌಂಡಿನ ಬಜೆಟ್ 1,880 ಕೋಟಿ ದಾಟಿತು. ಒಂದೇ ರೈಲು ದಾರಿಯುದ್ದಕ್ಕೂ ಮೂರು ಬಗೆಯ ಸಿಗ್ನಲ್ ವ್ಯವಸ್ಥೆಗಳ ನಡುವೆ ದಾಟಬೇಕಿತ್ತು. ತಂತ್ರಾಂಶ ಪಕ್ವವಾಗದೆ ಪರೀಕ್ಷೆ ಇಲ್ಲ, ನಿಲ್ದಾಣದ ಕೇಬಲ್ ಮುಗಿಯದೆ ಪರೀಕ್ಷೆಗೆ ಹಳಿ ಸಿಗುವುದಿಲ್ಲ. ಸಿವಿಲ್ ಕೆಲಸ ತಡವಾದಾಗ ಪರೀಕ್ಷೆಯ ಅವಧಿಯನ್ನು ಒತ್ತಿ ಕುಗ್ಗಿಸುವುದು ಎಲ್ಲ ಕಡೆ ನಡೆಯುವ ತಪ್ಪು. ಆರು ತಿಂಗಳು ಕುಗ್ಗಿಸಿದರೆ ಎರಡು ವರ್ಷ ಎಳೆಯುತ್ತದೆ.

ಹಳಿಗಣಕ:

ಕೊನೆಯ ಪ್ರಶ್ನೆ. ಹೊಸ ಮಾರ್ಗದ ಯೋಜನಾ ವರದಿ ಕೈಗೆ ಬಂದಾಗ ಕಿ.ಮೀ. ಖರ್ಚನ್ನು ಇನ್ನೊಂದು ಊರಿನ ಜೊತೆ ಹೋಲಿಸುವುದು ಸರಿಯೇ?

ನಕ್ಷೆಗೆರೆ:

ನೇರವಾಗಿ ಹೋಲಿಸಬೇಡಿ. ಎಷ್ಟು ಭಾಗ ಸುರಂಗ, ಎಷ್ಟು ಎತ್ತರಿಸಿದ್ದು. ಬೋಗಿ, ಡಿಪೊ, ಭೂಸ್ವಾಧೀನ, ಸಾಲದ ಬಡ್ಡಿ ಸೇರಿದೆಯೇ. ಯಾವ ವರ್ಷದ ಬೆಲೆ. ವಿನಿಮಯ ದರವೋ ಕೊಳ್ಳುವ ಶಕ್ತಿಯ ಲೆಕ್ಕವೋ, ಇವನ್ನು ಸರಿಮಾಡದ ಅಂಕಿ ಜಗಳಕ್ಕಷ್ಟೇ ಉಪಯೋಗ. ವರದಿಯ ಮೊತ್ತ ಬಿಟ್ಟು ಅನುಬಂಧದ ನಕ್ಷೆಗಳಿಗೆ ಹೋಗಿ. ಪ್ರತಿ ನಿಲ್ದಾಣದ ಪೆಟ್ಟಿಗೆಯ ಉದ್ದವನ್ನು ಪ್ಲಾಟ್‌ಫಾರ್ಮಿನ ಉದ್ದದಿಂದ ಭಾಗಿಸಿ. 1.2ರೊಳಗೆ ಬಂದರೆ ಯಾರೋ ಕೂತು ಯೋಚಿಸಿದ್ದಾರೆ. 1.6 ದಾಟಿದರೆ ಆ ಹೆಚ್ಚುವರಿ ಮೀಟರುಗಳಲ್ಲಿ ಯಾವ ಕೋಣೆಗಳಿವೆ, ಯಾವ ವಿಭಾಗ ಕೇಳಿದ್ದು, ಅವುಗಳಲ್ಲಿ ಯಾವುದನ್ನು ರಸ್ತೆ ಮಟ್ಟಕ್ಕೆ ತರಬಹುದು ಎಂದು ಸಾರ್ವಜನಿಕ ಅಹವಾಲು ಸಭೆಯಲ್ಲೇ ಲಿಖಿತವಾಗಿ ಕೇಳಿ. ಗೋಡೆಯ ಮೊದಲ ಫಲಕ ಇಳಿದ ಮೇಲೆ ಆ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ.